ಆ ಧ್ವನಿ ನನ್ನದಲ್ಲ

ಸರ್ವೋತ್ತಮ ಶೆಟ್ಟರಿಗೆ ಮನೆಯಲ್ಲಿ ಮಾತು ಕಡಿಮೆ, ಸಭೆಯಲ್ಲಿ ಹೆಚ್ಚು ಎನ್ನುವುದು ಬಿಕರ್ನಕಟ್ಟೆಯ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ಆದರೆ ಸಭೆಯಲ್ಲಿ ಆಡುವ ಆ ಮಾತೆಲ್ಲ ಮೊದಲು ಹುಟ್ಟುತ್ತಿದ್ದುದು ಅವರ ಹೆಂಡತಿ ಆಶಾಲತಾಳ ಅಡುಗೆಮನೆಯಲ್ಲಿ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಶೆಟ್ಟರು ಬ್ಯಾಂಕಿನಿಂದ ನಿವೃತ್ತರಾದವರು. ಊರು ಅವರನ್ನು ಗುರುತಿಸುತ್ತಿದ್ದುದು ಮಾತ್ರ ತಾಳಮದ್ದಳೆಯ ಅರ್ಥಧಾರಿ ಎಂದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ಪಂಚೆ ಶಾಲಿನ ಇಬ್ಬರು ಎದುರುಬದುರು ಕೂತು, ಒಬ್ಬ ಅರಸನಾಗಿ ಇನ್ನೊಬ್ಬ ದೂತನಾಗಿ, ಬರಿಯ ಮಾತಿನಲ್ಲೇ ಯುದ್ಧ ಮಾಡುವುದು. ಆ ಮಾತಿಗೆ ಬರೆದಿಟ್ಟ ಪುಸ್ತಕವಿಲ್ಲ. ಎದುರಿನವನು ಕೇಳಿದ್ದಕ್ಕೆ ಅಲ್ಲಿಂದಲ್ಲಿಗೇ ಉತ್ತರ ಹುಟ್ಟಬೇಕು. ಹಾಗಾಗಿ ಎದುರು ಒಬ್ಬರು ಕೂರದೆ ಅಭ್ಯಾಸ ಸಾಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಆಶಾಲತಾ ಬಸಳೆ ಕೊಯ್ಯುತ್ತಿದ್ದಾಗ ಶೆಟ್ಟರು ನಾಚುತ್ತ ಬಂದು, "ನೀನು ದೂತ ಆಗ್ತೀಯಾ? ಸುಮ್ಮನೆ ಎಂತಾದ್ರೂ ಕೇಳು, ಸಾಕು," ಎಂದಿದ್ದರು. ಅಂದಿನಿಂದ ಅವಳು ದೂತನಾದಳು, ಮಂತ್ರಿಯಾದಳು, ಶತ್ರುವಾದಳು. ಕೈ ಕೆಲಸ ಮಾಡುತ್ತಿತ್ತು, ಬಾಯಿ ವಾದಿಸುತ್ತಿತ್ತು. ಮನೆಯ ಮಾತೆಲ್ಲ ತುಳು. ಅರ್ಥ ಹೇಳುವಾಗ ಮಾತ್ರ ಗ್ರಂಥದ ಕನ್ನಡ. ಗಂಡನನ್ನು ಬಹುವಚನದಲ್ಲಿ ಮಾತಾಡಿಸುವ ಹೆಂಗಸು ಆ ಒಂದು ಗಂಟೆ 'ಎಲವೋ ಅರಸ, ನೀನು' ಎಂದು ಗದರಿಸುತ್ತಿದ್ದಳು. ಇಬ್ಬರಿಗೂ ಅದರಲ್ಲಿ ಒಂದು ಸುಖವಿತ್ತು.

ಶೆಟ್ಟರು ಅವಳಿಗೆ ಕಲಿಸಿದ ಪಾಠ ಒಂದೇ. ಎದುರಿನವನ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ನೀನೇ ಹೇಳಬೇಕು. ಆಮೇಲೆ ಉತ್ತರ. ದುರ್ಬಲನನ್ನು ಎದುರಿಗೆ ನಿಲ್ಲಿಸಿ ಗೆಲ್ಲುವವನು ಅರ್ಥಧಾರಿಯಲ್ಲ.

ಪಾಲಿಕೆ ಚುನಾವಣೆ ಬಂದಾಗ ಮಗ ತುಷಾರ್ ಒಂದು ಬೆಳಿಗ್ಗೆ ನೀರ್‌ದೋಸೆ ತಿನ್ನುತ್ತ ಸುದ್ದಿ ತೆಗೆದ. ಹಂಪನಕಟ್ಟೆಯಲ್ಲಿ ಅವನದೊಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ವಾರ್ಡಿನಲ್ಲಿ ಅವನ ಪಕ್ಷದ ಪ್ರಚಾರವನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ.

"ಪಪ್ಪ, ಈ ಸಲ ನಾವು ಕೂಗಾಟ ಮಾಡುದಿಲ್ಲ. ಲಾಜಿಕ್ ಮಾತ್ರ. ಜನರ ತಲೆಗೆ ಮಾತಾಡುದು. ಸ್ಲೋಗನ್ ನಾನೇ ಬರೆದದ್ದು. 'ಬೊಬ್ಬೆ ಬೇಡ, ಬುದ್ಧಿಗೆ ಬೆಲೆ ಕೊಡಿ.' ಹೇಗುಂಟು?"

"ಬೊಬ್ಬೆ ಬೇಡ ಅಂತ ಮೈಕಿನಲ್ಲಿ ಬೊಬ್ಬೆ ಹಾಕುದಾ?" ಆಶಾಲತಾ ಒಲೆಯ ಮುಂದಿನಿಂದಲೇ ಕೇಳಿದಳು.

"ಅಮ್ಮ, ನೀನು ಸುಮ್ಮನಿರು ಮಾರಾಯ್ತಿ. ಪಪ್ಪ, ನೀವು ಒಂದು ಸಭೆಯಲ್ಲಿ ಮಾತಾಡಬೇಕು. ಶೈಲೇಶಣ್ಣ ಹೇಳಿಯೇ ಬಿಟ್ಟಿದ್ದಾರೆ. ಯುಕ್ತಿಯಿಂದ ಮಾತಾಡುವವರು ಈ ವಾರ್ಡಿನಲ್ಲಿ ನಿಮ್ಮನ್ನು ಬಿಟ್ರೆ ಯಾರಿದ್ದಾರೆ?"

ಶೈಲೇಶ್ ಎಂದರೆ ವಾರ್ಡಿನಲ್ಲಿ ಪಕ್ಷದ ಅಧ್ಯಕ್ಷ. ಚುನಾವಣೆ ಗೆದ್ದರೆ ತುಷಾರನನ್ನು ಇಡೀ ನಗರದ ಪ್ರಚಾರಕ್ಕೆ ಹಾಕುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ.

"ನಾನು ಪಾರ್ಟಿಯವನಲ್ಲ," ಎಂದರು ಶೆಟ್ಟರು.

"ಅದಕ್ಕೇ ಬೇಕಾದ್ದು! ಪಾರ್ಟಿಯವನಲ್ಲದವನು ಹೇಳಿದ್ರೇ ಜನ ನಂಬುದು."

ಶೆಟ್ಟರು ಕೈತೊಳೆದು ಬಂದು ಶಾಲು ಎಲ್ಲಿದೆ ಎಂದು ಕೇಳಿದರು. ಒಪ್ಪಿದರು ಎಂದು ಆಶಾಲತಾಳಿಗೆ ಆಗಲೇ ಗೊತ್ತಾಯಿತು. ಮಗ ತನ್ನಿಂದ ಏನನ್ನಾದರೂ ಕೇಳಿಕೊಂಡು ಬಂದದ್ದು ಅವರಿಗೆ ಒಳಗೊಳಗೇ ಹಬ್ಬವಾಗಿತ್ತು.

ಸಭೆ ನಡೆದದ್ದು ರಸ್ತೆಯ ತಿರುವಿನಲ್ಲಿ, ಸಂಜೆ. ಪಕ್ಕದ ಮನೆಯ ಮೊರಿಸ್ ಎದುರಿನ ಸಾಲಿನಲ್ಲೇ ಕುರ್ಚಿ ಹಿಡಿದಿದ್ದರು. ದಿನಾ ಬೆಳಿಗ್ಗೆ ಶೆಟ್ಟರ ಜೊತೆ ಚಾ ಕುಡಿದು, ಪೇಪರು ಓದಿ, ಲೋಕದ ತಕರಾರು ಮುಗಿಸಿ ಹೋಗುವ ಮನುಷ್ಯ. ಆಶಾಲತಾ ಹೆಂಗಸರ ನಡುವೆ ಹಿಂದೆ ನಿಂತಿದ್ದಳು.

ಶೆಟ್ಟರು ಎದ್ದು ನಿಂತವರು ಪದ್ಧತಿಯಂತೆ ಎದುರಾಳಿಯಿಂದಲೇ ಆರಂಭಿಸಿದರು. "ಈಗಿರುವ ಕಾರ್ಪೊರೇಟರ್ ಅವರ ಪಕ್ಷದವರು ಏನು ಹೇಳುತ್ತಾರೆ? ನಾವು ತೋಡು ಸರಿ ಮಾಡಿದೆವು, ಮಳೆಗಾಲದಲ್ಲಿ ಮನೆಗಳಿಗೆ ನೀರು ನುಗ್ಗಲಿಲ್ಲ ಎನ್ನುತ್ತಾರೆ. ಸತ್ಯ. ಅದನ್ನು ಸುಳ್ಳು ಎನ್ನುವವನು ಈ ರಸ್ತೆಯಲ್ಲಿ ನಡೆದವನಲ್ಲ. ನಮ್ಮ ಬಾವಿಯ ನೀರು ಈಗ ಕೆಂಪಗಾಗುವುದಿಲ್ಲ. ಅಷ್ಟು ಮಾಡಿದ ಕೈಯನ್ನು ಬದಲಿಸುವುದು ಕೃತಘ್ನತೆಯಲ್ಲವೇ ಎಂದು ಅವರು ಕೇಳಿದರೆ, ಆ ಪ್ರಶ್ನೆಗೆ ತೂಕವಿದೆ."

ಜನ ಚಪ್ಪಾಳೆ ಹೊಡೆದರು. ಆಮೇಲೆ ಶೆಟ್ಟರು ಶಾಲು ಸರಿಮಾಡಿಕೊಂಡು, ಒಳ್ಳೆಯ ಕೆಲಸಕ್ಕೆ ಕೃತಜ್ಞತೆ ಬೇರೆ, ಮತ ಬೇರೆ ಎಂದರು. ಕಸದ ರಾಶಿ, ನಡೆಯಲು ಜಾಗವಿಲ್ಲದ ರಸ್ತೆ, ಕೇಳಿದ ಪ್ರಶ್ನೆಗೆ ಸಿಗದ ಉತ್ತರ ಎಂದು ಒಂದೊಂದೇ ಎಳೆ ಬಿಡಿಸಿ, ಮೊದಲು ಕಟ್ಟಿದ ಕೋಟೆಯನ್ನು ತಾವೇ ಕಲ್ಲು ಕಲ್ಲಾಗಿ ಇಳಿಸಿದರು. ಮೊರಿಸ್ ತೊಡೆ ತಟ್ಟಿದರು. ತುಷಾರ್ ಓಡಿ ಬಂದು ಅಪ್ಪನ ಕೈ ಕುಲುಕಿದ. ಆ ರಾತ್ರಿ ಮನೆಯಲ್ಲಿ ಮೂವರೂ ಒಟ್ಟಿಗೆ ಕೂತು ಬಂಗುಡೆ ಸಾರಿನಲ್ಲಿ ಉಂಡರು. ಬಹಳ ಸಮಯದ ಮೇಲೆ ತುಷಾರ್ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಮರುದಿನ ಬೆಳಿಗ್ಗೆ ಮೀನಿನ ಬುಟ್ಟಿ ಇಳಿಸಿದ ಜಯ ಮೊದಲು ಮೀನು ತೋರಿಸಲಿಲ್ಲ, ಮೊಬೈಲ್ ತೋರಿಸಿದಳು.

"ಅಕ್ಕ, ಶೆಟ್ರ ಭಾಷಣ ನನಗೂ ಬಂತು ನೋಡಿ! ಯಾವ ಪಾರ್ಟಿ ಅಂತ ಗೊತ್ತಾಗ್ಲಿಲ್ಲ. ಮಾತು ಮಾತ್ರ ಫಸ್ಟ್ ಕ್ಲಾಸ್."

ಆಶಾಲತಾ ಸೆರಗಿಗೆ ಕೈ ಒರೆಸಿ ನೋಡಿದಳು. ಶೆಟ್ಟರು ತೋಡಿನ ಬಗ್ಗೆ, ಬಾವಿಯ ಬಗ್ಗೆ, ಕೃತಘ್ನತೆಯ ಬಗ್ಗೆ ಹೇಳುತ್ತಿದ್ದರು. 'ತೂಕವಿದೆ' ಎನ್ನುವಲ್ಲಿಗೆ ಚಪ್ಪಾಳೆ, ಅಲ್ಲಿಗೆ ಮುಗಿಯಿತು. ಕೆಳಗೆ ಕಾರ್ಪೊರೇಟರ್ ಪಕ್ಷದವರು ದೊಡ್ಡ ಅಕ್ಷರದಲ್ಲಿ ಬರೆದಿದ್ದರು: ಅವರದೇ ವೇದಿಕೆಯಲ್ಲಿ ನಮ್ಮ ಕೆಲಸಕ್ಕೆ ಸರ್ಟಿಫಿಕೇಟ್!

"ಇದು ಅರ್ಧ," ಎಂದಳು ಆಶಾಲತಾ.

"ಅರ್ಧವೇ ಇಷ್ಟು ಚಂದ ಉಂಟಾದ್ರೆ ಪೂರ್ತಿ ಹೇಗಿರಬೇಡ! ಬೂತಾಯಿ ಬೇಕಾ ಅಕ್ಕ? ತಾಜಾ ಉಂಟು."

ಒಳಗೆ ತುಷಾರನ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು. ಅವನು ಹೊರಗೆ ಬಂದಾಗ ಮುಖ ಸುಟ್ಟ ಕಾವಲಿಯ ಹಾಗೆ ಇತ್ತು.

"ಪಪ್ಪ, ಅವರ ಬಗ್ಗೆ ಹೊಗಳಿ ಮಾತಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು?"

"ಹೊಗಳಿದ್ದಲ್ಲ, ಅವರ ವಾದ ಮಂಡಿಸಿದ್ದು. ಮಂಡಿಸದೆ ಖಂಡಿಸುವುದು ಹೇಗೆ?"

"ಇದು ನಿಮ್ಮ ತಾಳಮದ್ದಳೆ ಅಲ್ಲ! ಅಲ್ಲಿ ಜನ ಬೆಳಿಗ್ಗೆವರೆಗೆ ಕೂರ್ತಾರೆ. ಇಲ್ಲಿ ಮೊಬೈಲಿನಲ್ಲಿ ಅರ್ಧ ನಿಮಿಷ ನೋಡ್ತಾರೆ, ಅಷ್ಟೆ."

"ಬುದ್ಧಿಗೆ ಬೆಲೆ ಕೊಡಿ ಅಂತ ಬರೆದದ್ದು ನೀನು."

"ಬರೆದದ್ದು ಓಟಿಗೆ ಪಪ್ಪ, ನೀವು ಪರೀಕ್ಷೆ ಮಾಡ್ಲಿಕ್ಕಲ್ಲ!"

ಆಶಾಲತಾ ಬೂತಾಯಿಯ ಪಾತ್ರೆ ಹಿಡಿದುಕೊಂಡು ಇಬ್ಬರ ನಡುವೆ ನಿಂತಿದ್ದಳು. ಯಾರೂ ಅವಳನ್ನು ಸರಿಯಲು ಹೇಳಲಿಲ್ಲ, ಯಾರೂ ಅವಳನ್ನು ನೋಡಲೂ ಇಲ್ಲ.

ಮಧ್ಯಾಹ್ನ ಶೈಲೇಶ್ ಬಂದ. ಚಪ್ಪಲಿ ಕಳಚಿ, ವಿನಯದಿಂದ ಕೂತು, ಕೊಟ್ಟ ಶರಬತ್ತು ಪೂರ್ತಿ ಕುಡಿದ. "ಸರ್ವೋತ್ತಮಣ್ಣ, ನಿಮ್ಮ ಮೇಲೆ ಬೇಸರ ಇಲ್ಲ. ಪೂರ್ತಿ ವೀಡಿಯೊ ಹಾಕಿದ್ವಿ, ಯಾರೂ ನೋಡುದಿಲ್ಲ. ಈಗ ಒಂದೇ ದಾರಿ. ನೀವು ಮೊಬೈಲ್ ಎದುರು ಕೂತು ಸಣ್ಣದೊಂದು ಮಾತು ಹೇಳಿ. 'ಎದುರು ಪಕ್ಷದವರು ಎಐಯಲ್ಲಿ ನನ್ನ ಧ್ವನಿ ತಯಾರಿಸಿ ಹಾಕಿದ್ದಾರೆ. ಆ ಧ್ವನಿ ನನ್ನದಲ್ಲ.' ಅಷ್ಟೇ. ಈಗ ಎಲ್ಲ ಕಡೆ ಅದೇ ನಡೀತದೆ, ಜನ ನಂಬ್ತಾರೆ."

ಶೆಟ್ಟರು ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಧ್ವನಿ ನನ್ನದೇ ಅಲ್ವಾ?"

"ನಿಮ್ಮದೇ. ಅದು ನಮಗೆ ಗೊತ್ತುಂಟು."

"ಮುನ್ನೂರು ಜನ ಎದುರಿಗೆ ಕೂತು ಕೇಳಿದ್ದಾರೆ."

"ಕೇಳದವರು ಸಾವಿರಗಟ್ಟಲೆ ಇದ್ದಾರಲ್ಲ?"

"ನನ್ನ ಹತ್ರ ಆಗುದಿಲ್ಲ ಶೈಲೇಶ್," ಎಂದರು ಶೆಟ್ಟರು. "ನನಗೆ ಇರುವುದು ಆ ಧ್ವನಿ ಒಂದೇ. ಬೇಕಾದ್ರೆ ನನಗೆ ಬುದ್ಧಿ ಇಲ್ಲ ಅಂತ ಹೇಳ್ತೇನೆ."

ಶೈಲೇಶ್ ನಗುತ್ತಲೇ ಎದ್ದು ಹೋದ. ಆದರೆ ಗೇಟಿನ ಹತ್ತಿರ ತುಷಾರನಿಗೆ ಅವನು ಹೇಳಿದ್ದು ಆಶಾಲತಾಳ ಕಿವಿಗೂ ಬಿತ್ತು. "ಮನೆಯವರನ್ನೇ ಒಪ್ಪಿಸ್ಲಿಕ್ಕೆ ಆಗದವನಿಗೆ ಸಿಟಿಯ ಪ್ರಚಾರ ಹೇಗೆ ಕೊಡುದು ಮಾರಾಯ?"

ಸಂಜೆ ತುಷಾರ್ ಒಂದು ಚೀಲದಲ್ಲಿ ಬಟ್ಟೆ ತುಂಬಿದ. ಅಂಗಡಿಯ ಅಟ್ಟದಲ್ಲಿ ಮಲಗುತ್ತೇನೆ, ಕೆಲಸ ಜಾಸ್ತಿ ಉಂಟು ಎಂದ. ಅದು ಕೆಲಸದ ಮಾತಲ್ಲವೆಂದು ಮೂವರಿಗೂ ಗೊತ್ತಿತ್ತು.

"ಊಟ ಎಲ್ಲಿ ಮಾಡ್ತೀ ಮಗಾ?"

"ಹೋಟೆಲಿಲ್ವಾ ಅಮ್ಮ? ಪಪ್ಪ ಆ ಒಂದು ಮಾತು ಹೇಳಿದ ದಿನ ಬರ್ತೇನೆ. ಹೇಳದಿದ್ರೆ ಇಲ್ಲ. ಚುನಾವಣೆ ಮುಗಿದ ಮೇಲೂ ಇಲ್ಲ."

ಅವನು ಗೇಟು ಹಾಕಿದ ಸದ್ದು ಕೇಳಿದರೂ ಶೆಟ್ಟರು ಪೇಪರಿನಿಂದ ತಲೆ ಎತ್ತಲಿಲ್ಲ. ಪೇಪರು ಬೆಳಗಿನದು.

ಆಮೇಲಿನ ದಿನಗಳು ಉದ್ದವಾದವು. ಆಶಾಲತಾ ಅಕ್ಕಿ ತೊಳೆಯುವಾಗ ಮೂರು ಜನಕ್ಕೆ ತೆಗೆದು, ನೆನಪಾಗಿ, ಒಂದು ಹಿಡಿ ಡಬ್ಬಕ್ಕೆ ಮರಳಿ ಹಾಕುವಳು. ಶೆಟ್ಟರು ಬೆಳಿಗ್ಗೆ ಮೊರಿಸ್ ಜೊತೆ ಚಾ ಕುಡಿಯುವಾಗ ಒಂದೆರಡು ಮಾತಾಡುವರು. ಆಮೇಲೆ ಇಡೀ ದಿನ ಕಿಟಕಿ. ಮಧ್ಯಾಹ್ನ ಅಡುಗೆಮನೆಗೆ ಬರುವುದೇ ನಿಂತಿತ್ತು. "ಮುಂದಿನ ತಿಂಗಳ ತಾಳಮದ್ದಳೆ ಕೂಟಕ್ಕೆ ಅಭ್ಯಾಸ ಬೇಡ್ವಾ?" ಎಂದು ಅವಳು ಒಮ್ಮೆ ಕೇಳಿದಳು. "ನೋಡುವ," ಎಂದರು. ರಸ್ತೆಯಲ್ಲಿ ಪ್ರಚಾರದ ಆಟೊಗಳು ಒಂದರ ಹಿಂದೆ ಒಂದು ಯೋಚಿಸಿ, ವಿವೇಕದಿಂದ ಮತ ನೀಡಿ ಎಂದು ಹೇಳಿಕೊಂಡು ಹೋಗುತ್ತಿದ್ದವು. ಮನೆಯೊಳಗೆ ಮಿಕ್ಸಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಒಂದು ದಿನ ಅವಳು ಮೀನಿನ ಪುಳಿಮುಂಚಿ ಮಾಡಿ, ಮಗನಿಗೆಂದು ಟಿಫಿನ್ ಕಟ್ಟಿಕೊಂಡು ಬಸ್ಸು ಹತ್ತಿದಳು. ಬಸ್ಸಿನಲ್ಲಿರುವಾಗ ಮಗಳು ಸಂಚಿತಾಳ ಫೋನು ಬಂತು. ವಾಮಂಜೂರಿನಲ್ಲಿ ಅವಳ ಗಂಡನ ಮನೆ. ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ.

"ಅಮ್ಮ, ತುಷಾರನಿಗೆ ಸಪೋರ್ಟ್ ಮಾಡ್ಬೇಡ. ಪಪ್ಪನಿಂದ ಸುಳ್ಳು ಹೇಳಿಸಿದ್ರೆ ನಾನು ಸುಮ್ಮನಿರುದಿಲ್ಲ."

"ಅವನು ಹೋಟೆಲಿನಲ್ಲಿ ಉಣ್ತಾನೆ ಸಂಚಿತಾ."

"ಹೋಟೆಲಿನಲ್ಲಿ ಉಂಡವರೆಲ್ಲ ಸಾಯ್ತಾರಾ? ನಿನಗೆ ಎಂತ ಅನ್ನಿಸ್ತದೆ, ಅದು ಹೇಳು."

ಆಶಾಲತಾ ಹೇಳಬೇಕೆಂದು ಬಾಯಿ ತೆರೆದಳು. ಆಚೆ ಗಂಟೆ ಹೊಡೆಯಿತು. "ಅಯ್ಯೋ, ಕ್ಲಾಸುಂಟು, ಮತ್ತೆ ಮಾಡ್ತೇನೆ," ಎಂದು ಮಗಳು ಇಟ್ಟಳು. ಮತ್ತೆ ಮಾಡಲಿಲ್ಲ.

ಅಂಗಡಿಯಲ್ಲಿ ಯಂತ್ರ ಸದ್ದು ಮಾಡುತ್ತ ಅಭ್ಯರ್ಥಿಯ ಮುಖವನ್ನು ಇಂಚಿಂಚಾಗಿ ಹೊರಗೆ ಬಿಡುತ್ತಿತ್ತು. ತುಷಾರ್ ನಿಂತೇ ಉಂಡ. ಅವನ ಕೆನ್ನೆ ಒಳಗೆ ಹೋಗಿತ್ತು. ಅಟ್ಟದ ಮೇಲೆ ಫ್ಲೆಕ್ಸಿನ ಸುರುಳಿಗಳ ನಡುವೆ ಒಂದು ಚಾಪೆ ಕಂಡಿತು. ಅವಳು ಅತ್ತ ನೋಡಿದ್ದನ್ನು ಅವನು ನೋಡಿದ.

"ಅಮ್ಮ, ನನಗೆ ಪಪ್ಪ ಯಾವತ್ತಾದ್ರೂ ಎಂತಾದ್ರೂ ಮಾಡಿದ್ದುಂಟಾ? ಈ ಅಂಗಡಿಗೆ ಒಂದು ದಿನ ಬಂದವರಲ್ಲ. ಕೂಟ ಅಂದ್ರೆ ಕುಂದಾಪುರಕ್ಕೂ ಹೋಗ್ತಾರೆ."

"ಹಾಗೆಲ್ಲ ಹೇಳ್ಬೇಡ ಮಗಾ."

"ಒಂದು ನಿಮಿಷ ಅಮ್ಮ. ನಾನು ಕೇಳಿದ್ದು ಅವರ ಒಂದು ನಿಮಿಷ."

ಖಾಲಿ ಟಿಫಿನ್ ಹಿಡಿದುಕೊಂಡು ಅವಳು ಬಸ್ಸಿಗೆ ಕಾದಳು. ಹಂಪನಕಟ್ಟೆಯ ಅಷ್ಟು ಜನರ ನಡುವೆ ಅವಳಿಗೆ ಅನ್ನಿಸಿದ್ದು ಒಂದೇ. ಅಪ್ಪ ಮಗ ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಉಣ್ಣಬೇಕು. ಅಷ್ಟಾದರೆ ಸಾಕು, ಉಳಿದದ್ದು ಹೇಗೂ ನಡೆಯುತ್ತದೆ.

ಮರುದಿನ ಮಧ್ಯಾಹ್ನ ಅವಳೇ ಶೆಟ್ಟರನ್ನು ಕರೆದಳು. "ಸ್ವಲ್ಪ ಇಲ್ಲಿ ಕೂತುಕೊಳ್ಳಿ." ಶೆಟ್ಟರು ಬಂದು ಅಡುಗೆಮನೆಯ ಬೆಂಚಿನ ಮೇಲೆ ಕೂತರು. ಅವಳು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ, ಬೀಜದ ಮೇಲೇ ಕಣ್ಣಿಟ್ಟು, ಇದ್ದಕ್ಕಿದ್ದಂತೆ ಕನ್ನಡಕ್ಕೆ ಹೊರಳಿದಳು.

"ಎಲವೋ ಅರಸ, ಸತ್ಯವೆನ್ನುವುದು ನಿನ್ನ ಒಬ್ಬನ ಸೊತ್ತೇ?"

ಶೆಟ್ಟರ ಬೆನ್ನು ನೆಟ್ಟಗಾಯಿತು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಬೆಳಕು ಬಂತು. "ದೂತ, ಸತ್ಯ ಯಾರ ಸೊತ್ತೂ ಅಲ್ಲ. ಅದಕ್ಕೇ ಅದನ್ನು ಮಾರುವ ಹಕ್ಕು ನನಗಿಲ್ಲ."

"ಮಾರು ಎಂದವರಾರು? ನೀನು ಆಡಿದ್ದು ಪೂರ್ಣವಾದ ಮಾತು. ಊರಲ್ಲಿ ತಿರುಗುತ್ತಿರುವುದು ಅದರಿಂದ ಕೊಯ್ದು ತೆಗೆದ ತುಂಡು. ನಿನ್ನ ಕೈಯನ್ನು ಕಡಿದು ಒಯ್ದವನು ಆ ಕೈಯಿಂದ ರುಜು ಹಾಕಿದರೆ, ಆ ರುಜು ನಿನ್ನದೇ?"

ಶೆಟ್ಟರು ಮೆಚ್ಚಿ ತಲೆಯಾಡಿಸಿದರು. "ಭಲೇ. ಆದರೆ ಯಂತ್ರ ಹುಟ್ಟಿಸಿದ ಧ್ವನಿ ಎಂದು ಹೇಳಿಸುತ್ತಾರಲ್ಲ, ದೂತ?"

"ತುಂಡರಿಸಿದ್ದು ಯಂತ್ರವೇ ತಾನೆ? ನಿನ್ನ ಬಾಯಿ 'ತೂಕವಿದೆ' ಎಂದು ನಿಂತಿತೇ? ಇಲ್ಲ. ಅಲ್ಲಿ ನಿಲ್ಲಿಸಿದ್ದು ಯಂತ್ರ. ನಿಲ್ಲಿಸಿದವನದೇ ಆ ಮಾತು. ನಿನ್ನದಲ್ಲ ಎಂದರೆ ಸುಳ್ಳು ಹೇಗಾಯಿತು?"

"ಹಾಗಾದರೆ ತುಂಡರಿಸಿದರು ಎಂದಷ್ಟೇ ಹೇಳುತ್ತೇನೆ."

"ಕೇಳುವವರಿದ್ದಾರೆಯೇ? ಪೂರ್ತಿ ಕೇಳುವ ಲೋಕ ನಿನ್ನ ಚಾವಡಿಯಲ್ಲಿ ಮಾತ್ರ ಇದೆ, ಅರಸ. ಹೊರಗೆ ಇಲ್ಲ." ಚೂರಿ ಬೇಗ ಬೇಗ ಓಡತೊಡಗಿತು. "ನಿನಗೆ ಬೇಕಾದದ್ದು ಸತ್ಯವಲ್ಲ. ನಿನಗೆ ಸಭೆ ಬೇಕು. ತಲೆದೂಗುವವರು ಬೇಕು. ಶತ್ರುವಿನ ಪರವಾಗಿ ಅಷ್ಟು ಚಂದ ಮಾತಾಡಿದೆಯಲ್ಲ, ನಿನ್ನ ಮಗನ ಪರವಾಗಿ ಹುಟ್ಟಿದಂದಿನಿಂದ ಒಂದು ಸಲ ಮಾತಾಡಿದ್ದೀಯಾ? ಅವನ ಅಂಗಡಿಯ ಮೆಟ್ಟಿಲು ಹತ್ತಿದ್ದೀಯಾ? ಅವನು ನೆಲದಲ್ಲಿ ಮಲಗ್ತಾನೆ, ಗೊತ್ತುಂಟಾ ನಿನಗೆ? ಆ ಫ್ಲೆಕ್ಸಿನ ವಾಸನೆಯಲ್ಲಿ..."

ಗ್ರಂಥದ ಕನ್ನಡ ಎಲ್ಲಿ ಮುಗಿಯಿತು, ಎಲ್ಲಿಂದ ತಾನೇ ಮಾತಾಡತೊಡಗಿದೆ ಎಂದು ಅವಳಿಗೆ ತಿಳಿಯಲಿಲ್ಲ. ಹೇಳಿ ಮುಗಿಸಿದಾಗ ಕೈಯಲ್ಲಿ ಬೀಜವಿತ್ತು, ಸಿಪ್ಪೆ ನೆಲದ ಮೇಲೆಲ್ಲ ಹರಡಿತ್ತು.

ಶೆಟ್ಟರು ಉತ್ತರಕ್ಕೆ ಉಸಿರೆಳೆದುಕೊಂಡರು. ಅವಳು ಕಾದಳು. ಅವರು ಯಾವ ಮಾತಿಗೂ ಉತ್ತರವಿಲ್ಲದೆ ಎದ್ದವರಲ್ಲ. ಆದರೆ ಎಳೆದುಕೊಂಡ ಉಸಿರನ್ನು ಅವರು ಮೆಲ್ಲಗೆ ಬಿಟ್ಟರು.

"ಆಯ್ತು," ಎಂದರು ತುಳುವಿನಲ್ಲಿ. "ಅವನನ್ನು ಬರಲು ಹೇಳು."

ಆ ಸಂಜೆಯೇ ತುಷಾರ್ ಬಂದ. ಚಾವಡಿಯಲ್ಲಿ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಮೊಬೈಲ್ ಹಿಡಿದ. "ಅಮ್ಮ, ಫ್ಯಾನ್ ಆಫ್ ಮಾಡು, ಸೌಂಡ್ ಬರ್ತದೆ." ಅವಳು ಆಫ್ ಮಾಡಿದಳು. ಶೆಟ್ಟರು ಒಂದೇ ಸಲಕ್ಕೆ, ಎಲ್ಲೂ ತಡವರಿಸದೆ, ಸಭೆಯ ಕೊನೆಯ ಸಾಲಿಗೂ ಮುಟ್ಟುವ ಧ್ವನಿಯಲ್ಲಿ ಹೇಳಿದರು: "ಎದುರು ಪಕ್ಷದವರು ಎಐಯಲ್ಲಿ ನನ್ನ ಧ್ವನಿ ತಯಾರಿಸಿ ಹಾಕಿದ್ದಾರೆ. ಆ ಧ್ವನಿ ನನ್ನದಲ್ಲ."

"ಸೂಪರ್ ಪಪ್ಪ!" ಎಂದ ತುಷಾರ್. ಶೆಟ್ಟರು ನೀರು ಕೇಳಿದರು.

ಮಗನ ಬಟ್ಟೆಯ ಚೀಲ ಮನೆಗೆ ಬಂತು. ಮೇಜಿನ ಮೇಲೆ ಮತ್ತೆ ಮೂರು ತಟ್ಟೆ ಬಿತ್ತು. ಆಶಾಲತಾ ಅಂದುಕೊಂಡದ್ದು ಹಾಗೆಯೇ ಆಯಿತು. ಇಬ್ಬರೂ ಎದುರುಬದುರು ಕೂತು ಉಂಡರು. "ಉಪ್ಪು ಕೊಡು." "ಸಾರು ಬೇಕಾ ಪಪ್ಪ?" "ಬೇಡ." ತುಷಾರ್ ತನ್ನಿಂದಾದಷ್ಟು ಮಾತಾಡಿಸಿದ. ಅಂಗಡಿಗೆ ಬನ್ನಿ ಪಪ್ಪ, ಹೊಸ ಮೆಷಿನ್ ತೋರಿಸ್ತೇನೆ ಎಂದ. ಶೆಟ್ಟರು ಹೋಗಿಯೂ ಬಂದರು, ಒಳ್ಳೆಯದುಂಟು ಎಂದರು. ಅವರು ಯಾರೊಡನೆಯೂ ಜಗಳವಾಡಲಿಲ್ಲ. ಕೇಳಿದ್ದಕ್ಕೆಲ್ಲ ಒಪ್ಪಿಕೊಳ್ಳುವ ಮನುಷ್ಯನಾಗಿಬಿಟ್ಟರು.

ಮೊರಿಸ್ ಚಾ ಕುಡಿಯಲು ಬರುವುದು ನಿಂತಿತು. ಆಶಾಲತಾ ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ಒಮ್ಮೆ ಕಂಪೌಂಡಿನ ಆಚೆ ಸಿಕ್ಕರು.

"ಎಂತ ಮೊರಿಸಣ್ಣ, ಈಚೆ ಕಾಣುದೇ ಇಲ್ಲ?"

ಅವರು ತುಂಬ ಹೊತ್ತು ಕನ್ನಡಕ ಒರೆಸಿದರು. "ಆಶಾಲತಮ್ಮ, ನಾನು ಎದುರಿನ ಸಾಲಿನಲ್ಲೇ ಕೂತಿದ್ದೆ. ತೊಡೆ ತಟ್ಟಿದ್ದೆ. ಈಗ ನನ್ನ ಕಿವಿಯೇ ಸುಳ್ಳಾ ಅಂತ ಆಗಿದೆ. ಶೆಟ್ರು ಸಿಕ್ಕಿದ್ರೆ ಎಂತ ಮಾತಾಡುದು? ನಂಬಿದ ಹಾಗೆ ನಾಟಕ ಮಾಡ್ಲಿಕ್ಕೆ ನನಗೆ ಬರುದಿಲ್ಲ." ಬೇಸರದಿಂದಲೇ ಹೇಳಿದರು, ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಕೂಟದ ಭಾಗವತರು ಫೋನು ಮಾಡಿದರು. ಚುನಾವಣೆಯ ಗಲಾಟೆ ಅಲ್ವಾ, ಈ ಸಲ ಶೆಟ್ರು ವಿಶ್ರಾಂತಿ ತೆಗೆದುಕೊಳ್ಳಲಿ ಎಂದರು. ಶೆಟ್ಟರು "ಆಗಬಹುದು, ಆಗಬಹುದು" ಎಂದು ಅವರಿಗೇ ಸಮಾಧಾನ ಹೇಳಿ ಇಟ್ಟರು. ಸಂಚಿತಾ ಫೋನು ಮಾಡಲಿಲ್ಲ. ಅವಳಿಗೆ ಆಶಾಲತಾಳೇ ಮಾಡಿದಾಗ ಒಂದೇ ಮಾತು ಹೇಳಿದಳು. "ತುಷಾರ್ ಹೇಳಿದ ಅಮ್ಮ, ಒಪ್ಪಿಸಿದ್ದು ನೀನೇ ಅಂತ. ನೀನಾದ್ರೂ ಪಪ್ಪನ ಕಡೆ ಇದ್ದೀ ಅಂತ ನಾನು ತಿಳ್ಕೊಂಡಿದ್ದೆ."

ಮಧ್ಯಾಹ್ನಗಳಲ್ಲಿ ಅಡುಗೆಮನೆಯ ಬೆಂಚಿನ ಮೇಲೆ ಈಗ ಈರುಳ್ಳಿಯ ಬುಟ್ಟಿ ಇರುತ್ತಿತ್ತು.

ಫಲಿತಾಂಶದ ದಿನ ತುಷಾರನ ಪಕ್ಷ ಗೆದ್ದಿತು. ಅಂತರ ತುಂಬ ಸಣ್ಣದು. ಶೈಲೇಶ್ ಮೈಮೇಲೆಲ್ಲ ಬಣ್ಣ ಹಾಕಿಸಿಕೊಂಡೇ ಮನೆಗೆ ಬಂದು ಶೆಟ್ಟರ ಕಾಲು ಮುಟ್ಟಿದ. ಲಾಡಿನ ಪೆಟ್ಟಿಗೆ ಆಶಾಲತಾಳ ಕೈಗೆ ಕೊಟ್ಟ.

"ಆಂಟಿ, ಸರ್ವೋತ್ತಮಣ್ಣನನ್ನು ಲಾಜಿಕ್ಕಿನಲ್ಲಿ ಸೋಲಿಸಿದವರು ನೀವಂತೆ! ಮಹಿಳಾ ಘಟಕಕ್ಕೆ ನಿಮ್ಮಂಥವರೇ ಬೇಕು. ಮನೆ ಮನೆಗೆ ಹೋಗಿ ಹೆಂಗಸರಿಗೆ ಹೀಗೇ ವಿವರಿಸಿ ಹೇಳುವವರು."

"ನನಗೆ ಮನೆಕೆಲಸ ಉಂಟು ಶೈಲೇಶ್," ಎಂದಳು ಅವಳು.

ಎಲ್ಲರೂ ಮೆರವಣಿಗೆಗೆ ಹೋದರು. ಸಿಟಿಯ ಪ್ರಚಾರ ತನಗೇ ಎಂದು ಖಾತ್ರಿಯಾದ ತುಷಾರ್ ಬಾಗಿಲಿನಿಂದ ಹಿಂದೆ ಬಂದು ಅಮ್ಮನ ಕೆನ್ನೆಗೆ ಬಣ್ಣ ಮೆತ್ತಿ ಓಡಿದ. ಮನೆಯಲ್ಲಿ ಇಬ್ಬರೇ ಉಳಿದರು. ಅವಳು ಬಡಿಸಿದಳು, ಶೆಟ್ಟರು ಉಂಡರು. ದೂರದಲ್ಲಿ ಪಟಾಕಿ ಸಿಡಿಯುತ್ತಿತ್ತು.

"ಒಂದು ಕೇಳ್ಬೇಕಿತ್ತು," ಎಂದಳು ಆಶಾಲತಾ. "ಆ ದಿನ ನನ್ನ ಮಾತಿಗೆ ನಿಮ್ಮ ಹತ್ರ ಉತ್ತರ ಇರ್ಲಿಲ್ವಾ?"

ಶೆಟ್ಟರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸೋಲ್ತಿದ್ದಿ. ನೀನು ಸೋತಿದ್ರೆ ಮಗ ಮನೆಗೆ ಬರ್ತಿರ್ಲಿಲ್ಲ." ಅವರು ಸ್ವಲ್ಪ ನಕ್ಕರು. "ಭಾಗವತರ ಪದದಲ್ಲಿ ಸೋಲು ಅಂತ ಇದ್ರೆ, ಎಷ್ಟು ಮಾತು ಗೊತ್ತಿದ್ರೂ ಅರ್ಥಧಾರಿ ಸೋಲಬೇಕು. ಅದೊಂದು ನಿನಗೆ ಕಲಿಸಿರಲಿಲ್ಲ. ನಿನ್ನ ಪಾತ್ರ ಹೆಚ್ಚಾಗಿ ದೂತನದ್ದಲ್ವಾ, ಬೇಕಾಗಿರಲಿಲ್ಲ."

"ಆ ಉತ್ತರ ಈಗ ಹೇಳಿ. ನಾನು ಕೇಳ್ತೇನೆ."

"ಈಗ ಎಂತಕ್ಕೆ? ಮುಗಿದ ಆಟ."

"ನನಗೋಸ್ಕರ ಹೇಳ್ಬಾರ್ದಾ?"

"ಬೇಡ ಆಶಾ." ಅವರು ತಮ್ಮ ತಟ್ಟೆ ತಾವೇ ಎತ್ತಿಕೊಂಡು ಹಿತ್ತಲಿನ ನಳ್ಳಿಯ ಕಡೆಗೆ ಹೋದರು. ನೀರು ಬೀಳುವ ಸದ್ದು ಕೇಳಿತು.

ಆಶಾಲತಾ ಕೆನ್ನೆಯ ಬಣ್ಣ ಒರೆಸಿಕೊಳ್ಳದೆ ಅಲ್ಲೇ ಕೂತಿದ್ದಳು. ಎದುರಿನ ಕುರ್ಚಿ ಖಾಲಿ. ಆ ಉತ್ತರ ಏನೆಂದು ಅವಳಿಗೆ ಗೊತ್ತಿತ್ತು. ಆ ಮಧ್ಯಾಹ್ನ ಅವರು ಉಸಿರೆಳೆದುಕೊಂಡಾಗಲೇ ಗೊತ್ತಾಗಿತ್ತು. ಅವಳು ಸೆರಗು ಸರಿಮಾಡಿಕೊಂಡು ಆ ಖಾಲಿ ಕುರ್ಚಿಗೆ ಹೇಳಿದಳು. ಮೊದಲು ಮೆಲ್ಲಗೆ, ಆಮೇಲೆ ಧ್ವನಿ ಎತ್ತಿ.

"ದೂತ, ನಿನ್ನ ವಾದ ಸರಿ. ಕಡಿದು ಒಯ್ದ ಕೈ ನನ್ನದಲ್ಲ. ಅದು ಹಾಕಿದ ರುಜುವೂ ನನ್ನದಲ್ಲ. ಆದರೆ ಕಡಿದ ನೋವು ನನ್ನದು. ಆ ಕೈ ನನಗೆ ಇರಲೇ ಇಲ್ಲವೆಂದು ಹೇಳು ಎನ್ನುತ್ತಿದ್ದೀಯಲ್ಲ? ಮಗನಿಗೋಸ್ಕರ ಹೇಳಬಲ್ಲೆ. ಹೇಳಿದ ಮೇಲೆ ಅವನನ್ನು ಯಾವ ಧ್ವನಿಯಲ್ಲಿ ಕರೆಯಲಿ? 'ಬಾ ಮಗನೇ, ಉಣ್ಣು' ಎಂದರೆ, ಅದು ನಿಮ್ಮದೋ ಯಂತ್ರದ್ದೋ ಎಂದು ಅವನು ಕೇಳಿದರೆ, ನನ್ನಲ್ಲಿ ಏನು ಸಾಕ್ಷಿ ಉಳಿದಿರುತ್ತದೆ?"

ಹಿತ್ತಲಲ್ಲಿ ನಳ್ಳಿಯ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಅವಳು ಗಮನಿಸಿರಲಿಲ್ಲ. ತಟ್ಟೆ ತೊಳೆದು ಮುಗಿಸಿ ಒಳಗೆ ಬರಲು ಬೇಕಾದಷ್ಟು ಹೊತ್ತು ಅವಳು ಕಾದಳು. ಅದಕ್ಕಿಂತಲೂ ಹೆಚ್ಚು ಹೊತ್ತು ಕಾದಳು. ಬಾಗಿಲಿನ ಆಚೆ, ಗೋಡೆಗೆ ಒರಗಿ, ಶೆಟ್ಟರು ಉಸಿರಾಡುವುದು ಅವಳಿಗೆ ಕೇಳುತ್ತಿತ್ತು.